ಸಂಜೆ ಏಳಕ್ಕೆ ಸರಿಯಾಗಿ ಲ್ಯಾಗ್, ಕಾರಣ ಅಪ್ಪನ ಫೋನ್!

ದಾವಣಗೆರೆ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಸಂಜೆ ಏಳಾದರೆ ಸಾಕು, ಗೇಮ್‌ನಲ್ಲಿ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) 30ರಿಂದ 400 ಮಿಲಿಸೆಕೆಂಡ್‌ಗೆ ಜಿಗಿಯುತ್ತಿತ್ತು. ಇಂಟರ್‌ನೆಟ್‌ನವರಿಗೆ ಸುಮ್ನೆ ಬೈದೆ. ಆಮೇಲೆ ಎರಡು ಕಮಾಂಡ್ ಪ್ರಾಂಪ್ಟ್ ತೆರೆದು, ಒಂದರಲ್ಲಿ ರೂಟರ್‌ಗೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಓಡಲು ಬಿಟ್ಟು ಮಂಡಕ್ಕಿ ತಿನ್ನುತ್ತಾ ಕೂತೆ. ರೂಟರ್‌ದು 1 ಮಿಲಿಸೆಕೆಂಡ್, ಅಲುಗಾಡಲಿಲ್ಲ. ಅಂದರೆ ಮನೆಯೊಳಗಿನ ಕೇಬಲ್ ಸರಿ ಇದೆ. ಅಪ್ಪ ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟ ಎರಡೇ ನಿಮಿಷಕ್ಕೆ ಇನ್ನೊಂದರಲ್ಲಿ 380, 412, ‘ರಿಕ್ವೆಸ್ಟ್ ಟೈಮ್ಡ್ ಔಟ್’! ವೈಫೈ ಸಿಕ್ಕ ಕೂಡಲೇ ಅವರ ಫೋನ್ ದಿನದ ಫೋಟೊ, ವಿಡಿಯೊ ಎಲ್ಲಾ ಬ್ಯಾಕಪ್ ಮಾಡುತ್ತಿತ್ತು. ಅಪ್‌ಲೋಡ್ ತುಂಬಿದರೆ ಗೇಮ್‌ನ ಪುಟ್ಟ ಪ್ಯಾಕೆಟ್‌ಗಳೂ ಅದರ ಹಿಂದೆ ಕ್ಯೂ ನಿಲ್ಲಬೇಕು, ಅಲ್ವಾ? ಲೈನ್ ಪೂರ್ತಿ ತುಂಬದ ಹಾಗೆ, ರೂಟರ್‌ನ ಕ್ಯೂಒಎಸ್‌ನಲ್ಲಿ (ನೆಟ್ ಬಳಕೆಗೆ ಮಿತಿ ಹಾಕುವ ಸೆಟ್ಟಿಂಗ್) 20 ಎಂಬಿಪಿಎಸ್ ಅಪ್‌ಲೋಡ್ ವೇಗವನ್ನು 17ಕ್ಕೆ ಇಳಿಸಿದೆ. ಈಗ ಬ್ಯಾಕಪ್ ನಡೆಯುವಾಗಲೂ ಪಿಂಗ್ 40 ದಾಟಿಲ್ಲ. ಬೈಸಿಕೊಂಡವರಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ.