ಕಾರಿಲ್ಲದೆ ಮಂಗೋಲಿಯಾ ಸುತ್ತಿದ್ದು

ಮಂಗೋಲಿಯಾಕ್ಕೆ ಹೋಗುವವರು ಸಾಮಾನ್ಯವಾಗಿ ಡ್ರೈವರ್ ಸಮೇತ ಜೀಪು ಗೊತ್ತು ಮಾಡಿಕೊಳ್ಳುತ್ತಾರೆ. ನಾಲ್ಕೈದು ಜನ ಸೇರಿದರೆ ಖರ್ಚು ಹಂಚಿಹೋಗುತ್ತದೆ. ಒಬ್ಬರೇ ಹೋದರೆ ಜೇಬು ಖಾಲಿ. ನಾನು ಹೋಗಿದ್ದು ಒಬ್ಬಳೇ. ಮೇಲಾಗಿ ನನಗೆ ಕಾರು ಓಡಿಸೋಕೂ ಬರಲ್ಲ. ಹಾಗಾಗಿ ಅಲ್ಲಿಯ ಜನ ಹೇಗೆ ಓಡಾಡುತ್ತಾರೋ ಹಾಗೇ ಓಡಾಡಿದೆ.

ಮೊದಲು ಆ ದೇಶದ ಅಳತೆ ತಲೆಗೆ ಹೋಗಬೇಕು. ವಿಸ್ತೀರ್ಣ ಕರ್ನಾಟಕದ ಎಂಟರಷ್ಟು. ಜನ ಮಾತ್ರ ಸುಮಾರು 35 ಲಕ್ಷ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ರಾಜಧಾನಿ ಉಲಾನ್‌ಬಾತರ್‌ನಲ್ಲೇ ಇದ್ದಾರೆ. ಉಳಿದವರು 21 ಐಮಗ್‌ಗಳಲ್ಲಿ ಚದುರಿದ್ದಾರೆ. ಐಮಗ್ ಅಂದರೆ ಜಿಲ್ಲೆ, ಅದರೊಳಗಿನ ಸುಮ್ ಅಂದರೆ ತಾಲ್ಲೂಕು ಅಂದುಕೊಳ್ಳಿ. ಬಸ್ಸುಗಳು ಉಲಾನ್‌ಬಾತರ್‌ನಿಂದ ಐಮಗ್ ಕೇಂದ್ರಕ್ಕೆ ಹೋಗುತ್ತವೆ, ಅದೇ ದಾರಿಯಲ್ಲಿ ವಾಪಸ್ ಬರುತ್ತವೆ. ಒಂದು ಐಮಗ್‌ನಿಂದ ಇನ್ನೊಂದಕ್ಕೆ ಅಡ್ಡ ಹಾಯ್ದು ಹೋಗ್ತೀನಿ ಅಂದರೆ ವಾಹನ ಸಿಗೋದು ಕಷ್ಟ. ದಕ್ಷಿಣದ ಗೋಬಿ ಮರುಭೂಮಿಯ ದಲನ್‌ಝದ್‌ಗದ್‌ನಿಂದ ಖಾರ್ಖೋರಿನ್‌ಗೆ ನಕ್ಷೆಯ ಮೇಲೆ ಸಲೀಸಾಗಿ ಗೆರೆ ಎಳೆಯಬಹುದು. ಬಸ್ಸಲ್ಲಿ ಹೋಗಬೇಕಾದರೆ ಉಲಾನ್‌ಬಾತರ್‌ಗೆ ಬಂದೇ ಹೋಗಬೇಕು. ಇದು ಗೊತ್ತಾದ ಮೇಲೆ ದೇಶಕ್ಕೊಂದು ಸುತ್ತು ಹಾಕುವ ಆಸೆ ಬಿಟ್ಟೆ. ಒಂದು ದಿಕ್ಕಿಗೆ ಹೋಗಿ ಬರೋದು, ರಾಜಧಾನಿಯಲ್ಲಿ ಬಟ್ಟೆ ಒಗೆದು ಮಲಗಿ ಎದ್ದು ಇನ್ನೊಂದು ದಿಕ್ಕಿಗೆ ಹೊರಡೋದು. ಯಾವ ಜಾಗ ಚೆಂದ ಅಂತ ನೋಡೋದಕ್ಕಿಂತ, ಅಲ್ಲಿಗೆ ಜನ ತಮ್ಮ ಕೆಲಸಕ್ಕೆ ಹೋಗ್ತಾರಾ ಅಂತ ನೋಡಿದೆ. ಜನ ಹೋಗ್ತಾರೆ ಅಂದರೆ ಗಾಡಿ ಇದ್ದೇ ಇರುತ್ತದೆ.

ರೈಲಿನ ವಿಷಯ ಬೇಗ ಮುಗಿಯುತ್ತದೆ. ಮುಖ್ಯ ಮಾರ್ಗ ಒಂದೇ. ರಷ್ಯಾ ಗಡಿಯಿಂದ ಉಲಾನ್‌ಬಾತರ್ ಮೂಲಕ ಚೀನಾ ಗಡಿಯ ಝಮೀನ್-ಊದ್‌ವರೆಗೆ, ಸುಮಾರು 1,100 ಕಿ.ಮೀ. ನಾನು ಅದರಲ್ಲಿ ದಕ್ಷಿಣದ ಸೈನ್‌ಶಂದ್‌ಗೆ ಹೋದೆ. ಮಲಗೋಕೆ ಬರ್ತ್, ಒಗೆದ ಹಾಸಿಗೆ ಬಟ್ಟೆ, ಬೋಗಿಯ ತುದಿಯಲ್ಲಿ ಬಿಸಿನೀರಿನ ಬಾಯ್ಲರ್. ಬಿಸಿನೀರಿದ್ದರೆ ಎಂಟಿಆರ್ ಉಪ್ಪಿಟ್ಟು ರೆಡಿ, ಇನ್ನೇನು ಬೇಕು? ಸೈನ್‌ಶಂದ್‌ನ ಆಚೆ ಮರುಭೂಮಿಯಲ್ಲಿ ಖಮರ್ ಮಠ ಇದೆ, ದನ್ಝನ್‌ರವ್ಜಾ (1803–1856) ಅನ್ನೋ ಕವಿ-ಲಾಮಾ ಕಟ್ಟಿಸಿದ್ದು. ಸೂರ್ಯೋದಯಕ್ಕೆ ಅಲ್ಲಿರಬೇಕು ಅಂತ ಭಕ್ತರು ಬರುತ್ತಾರೆ. ಅಂಥ ಒಂದು ಕುಟುಂಬದ ಜೊತೆ ಟ್ಯಾಕ್ಸಿ ಹಂಚಿಕೊಂಡೆ.

ಹೋಗುವ ಮುಂಚೆ ಮಾಡಿದ ಒಂದೇ ಒಂದು ತಯಾರಿ ಅಂದರೆ ಸಿರಿಲಿಕ್ ಅಕ್ಷರ ಕಲಿತಿದ್ದು. ರಷ್ಯನ್ನರ ಅಕ್ಷರದ ಜೊತೆ ಮಂಗೋಲಿಯನ್ನರದ್ದು ಇನ್ನೆರಡು. ಭಾಷೆ ಬರದಿದ್ದರೂ ನಡೆಯುತ್ತದೆ, ಅಕ್ಷರ ಬರದಿದ್ದರೆ ಕಷ್ಟ. ಯಾಕೆಂದರೆ ಸುಮ್‌ಗಳಿಗೆ ಹೋಗುವ ವ್ಯಾನುಗಳ ಗಾಜಿನ ಹಿಂದೆ ರಟ್ಟಿನ ತುಂಡಲ್ಲಿ ಊರಿನ ಹೆಸರು ಬರೆದಿಟ್ಟಿರುತ್ತಾರೆ, ಅಷ್ಟೇ. ಬೇರೆ ಬೋರ್ಡು, ವೇಳಾಪಟ್ಟಿ ಏನೂ ಇಲ್ಲ.

ಬಸ್ಸು ಹಾಗಲ್ಲ, ಅಚ್ಚುಕಟ್ಟು. ಪಾಸ್‌ಪೋರ್ಟ್ ತೋರಿಸಿ ಟಿಕೆಟ್ ತಗೋಬೇಕು, ಸೀಟ್ ನಂಬರ್ ಇರುತ್ತದೆ. ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು 360 ಕಿ.ಮೀ. ದೂರದ ಖಾರ್ಖೋರಿನ್‌ಗೆ ಹೀಗೇ ಹೋದೆ. ಅಲ್ಲಿಯ ಎರ್ದೆನೆ ಝೂ ಮಠದ ಗೋಡೆಯ ಮೇಲೆ 108 ಸ್ತೂಪಗಳಿವೆ. ಅಲ್ಲಿಂದ ಮುಂದೆ ಅರ್ಖಾಂಗೈ ಐಮಗ್‌ನ ಕೇಂದ್ರ ತ್ಸೆತ್ಸೆರ್ಲೆಗ್. ನಿಜವಾದ ಆಟ ಶುರುವಾಗೋದು ಇಲ್ಲಿಂದ.

ಸುಮ್‌ಗಳಿಗೆ ಹೋಗುವ ಗಾಡಿ ಬೇಕಂದರೆ ಐಮಗ್ ಕೇಂದ್ರದ ಮಾರುಕಟ್ಟೆ ಹತ್ತಿರ ಹೋಗಬೇಕು. ಹಳ್ಳಿಯವರು ಸಾಮಾನು ಕೊಳ್ಳಲು ಬಂದಿರುತ್ತಾರೆ, ವ್ಯಾನು ಅವರಿಗಾಗಿ ಕಾಯುತ್ತಿರುತ್ತದೆ. ನನಗೆ ಬೇಕಿದ್ದದ್ದು ತರಿಯಾತ್. ಬಿಳಿ ಸರೋವರದ ಪಕ್ಕದ ಊರು. ಖೋರ್ಗೊ ಜ್ವಾಲಾಮುಖಿಯ ಲಾವಾ ನದಿಗೆ ಅಡ್ಡ ಬಂದು ಆದ ಸರೋವರ ಅದು. ಡ್ರೈವರನ್ನು ‘ಅಖಾ’ ಅಂತ ಕೂಗಿದೆ. ಅಣ್ಣಾ ಅಂದ ಹಾಗೆ. ಎಷ್ಟು ಹೊತ್ತಿಗೆ ಹೊರಡೋದು ಅಂದೆ. ಈಗಲೇ ಅಂದ. ನಮ್ಮ ಉತ್ತರ ಕರ್ನಾಟಕದ ಟಂಟಂ ಡ್ರೈವರೂ ಇದನ್ನೇ ಹೇಳ್ತಾನಲ್ವಾ? ಗಾಡಿ ತುಂಬಿದಾಗ ‘ಈಗ’ ಆಗುತ್ತದೆ. ಅಲ್ಲಿಯವರೆಗೆ ಬ್ಯಾಗು ಸೀಟಿನ ಮೇಲಿಟ್ಟು ಜಾಗ ಹಿಡಿದು, ಡ್ರೈವರ್ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಸುತ್ತಾಡಬೇಕು.

ವ್ಯಾನು ಅಂದರೆ ಫರ್ಗಾನ್. ರಷ್ಯಾದ ಉಲ್ಯಾನೊವ್ಸ್ಕ್‌ನಲ್ಲಿ 1965ರಿಂದ ಹೆಚ್ಚುಕಮ್ಮಿ ಅದೇ ಆಕಾರದಲ್ಲಿ ತಯಾರಾಗುತ್ತಿರುವ ಬೂದು ಬಣ್ಣದ ಗಾಡಿ. ಎಂಜಿನ್ ಮುಂದುಗಡೆ ಇಲ್ಲ, ಡ್ರೈವರ್ ಮತ್ತು ಪಕ್ಕದವರ ಮಧ್ಯೆ ಒಳಗೇ ಇದೆ. ಮೇಲೆ ಮುಚ್ಚಳ, ಅದರ ಮೇಲೆ ಕಂಬಳಿ, ಕಂಬಳಿ ಮೇಲೆ ಯಾರದೋ ಮಗು. ಚಳಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನ್ನನ್ನು ಹಿಂದೆ ಎದುರುಬದುರು ಸೀಟಿನಲ್ಲಿ ಕೂರಿಸಿದರು. ಕಾಲಿಡುವ ಜಾಗದಲ್ಲಿ ಹಿಟ್ಟಿನ ಮೂಟೆ, ಎದುರಿನ ಅಜ್ಜಿಯ ಮೊಣಕಾಲಿಗೆ ನನ್ನ ಮೊಣಕಾಲು. ಅಜ್ಜಿ ನನ್ನ ಕೈ ಹಿಡಿದು ನೋಡಿ, ತಣ್ಣಗಿದೆ ಅಂತ ತಲೆಯಾಡಿಸಿ, ಚೀಲದಿಂದ ಆರೂಲ್ ತೆಗೆದು ಕೊಟ್ಟರು. ಒಣಗಿಸಿದ ಮೊಸರಿನ ತುಂಡು, ಕಲ್ಲಿನ ಹಾಗೆ ಗಟ್ಟಿ. ಕಚ್ಚೋಕೆ ಹೋಗಬೇಡಿ, ಬಾಯಲ್ಲಿ ಇಟ್ಟುಕೊಳ್ಳಿ.

ದಾರಿಯಲ್ಲಿ ಒಂಟಿ ಮರವೊಂದು ಬಂತು, ಮೈತುಂಬಾ ನೀಲಿ ರೇಷ್ಮೆ ವಸ್ತ್ರ ಕಟ್ಟಿದ್ದರು. ಎಲ್ಲರೂ ಇಳಿದರು. ಇಂಥ ಮರ, ಘಾಟಿ ನೆತ್ತಿಯ ಕಲ್ಲುಗುಡ್ಡೆ ಎಲ್ಲಾ ಕಡೆ ಮೂರು ಪ್ರದಕ್ಷಿಣೆ ಹಾಕೋದು ರೂಢಿ. ಅವಸರ ಇದ್ದರೆ ಡ್ರೈವರ್ ಮೂರು ಸಲ ಹಾರ್ನ್ ಹೊಡೆದು ಮುಂದೆ ಹೋಗ್ತಾನೆ. ಶೌಚಕ್ಕೆ ಬಯಲೇ ಗತಿ. ಗಂಡಸರು ಗಾಡಿಯ ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬಯಲಲ್ಲಿ ಪೊದೆ ಇರಲ್ಲ, ಉದ್ದನೆಯ ಲಂಗವೋ ಅಗಲದ ಶಾಲೋ ಇಟ್ಟುಕೊಳ್ಳಿ.

ಊಟ ಸಸ್ಯಾಹಾರಿಗಳಿಗೆ ನಿಜಕ್ಕೂ ತೊಂದರೆ. ದಾರಿ ಬದಿಯ ಗ್ವಾನ್ಸ್ ಅನ್ನೋ ಸಣ್ಣ ಹೋಟೆಲುಗಳಲ್ಲಿ ಎಲ್ಲದಕ್ಕೂ ಕುರಿ ಮಾಂಸವೇ. ಮಾಂಸ ಬೇಡ ಅಂದರೆ ತುಂಡುಗಳನ್ನು ಆರಿಸಿ ತೆಗೆದು ಕೊಡುತ್ತಾರೆ, ವಾಸನೆ ಎಲ್ಲಿ ಹೋಗುತ್ತೆ? ಉಪ್ಪು ಹಾಕಿದ ಹಾಲಿನ ಚಹಾ, ಬ್ರೆಡ್ಡು, ಗಟ್ಟಿ ಕೆನೆ, ನನ್ನ ಚಟ್ನಿಪುಡಿ. ಇಷ್ಟರಲ್ಲಿ ದಿನ ಕಳೆಯಿತು. ಉಲಾನ್‌ಬಾತರ್‌ನಲ್ಲಿ ಈ ಚಿಂತೆ ಇಲ್ಲ, ಸಸ್ಯಾಹಾರಿ ಹೋಟೆಲುಗಳೂ ಇವೆ, ಇಂಡಿಯನ್ ಊಟವೂ ಸಿಗುತ್ತದೆ.

ಹಿಂದಿರುಗುವ ಗಾಡಿಯನ್ನು ಊರು ತಲುಪಿದ ದಿನವೇ ವಿಚಾರಿಸಿಡಬೇಕು. ತರಿಯಾತ್‌ನಲ್ಲಿ ನಾನು ಅಂಗಡಿಯಾಕೆಗೆ ಹೇಳಿಟ್ಟೆ. ಯಾರ ಮಗ ಯಾವತ್ತು ಪಟ್ಟಣಕ್ಕೆ ಹೋಗ್ತಾನೆ ಅನ್ನೋದು ಆಕೆಗೆ ಗೊತ್ತಿತ್ತು. ಬೆಳಿಗ್ಗೆ ಬಂದ ಕಾರು ಜಪಾನಿನಿಂದ ಬಂದ ಹಳೆಯ ಪ್ರಿಯಸ್. ಮಂಗೋಲಿಯಾದಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ, ಆದರೆ ಈ ಕಾರುಗಳ ಸ್ಟೀರಿಂಗೂ ಬಲಕ್ಕೇ ಇರುತ್ತದೆ. ಮುಂದಿನ ಲಾರಿ ದಾಟುವಾಗ ಎದುರಿಂದ ಏನು ಬರ್ತಿದೆ ಅಂತ ಮೊದಲು ಕಾಣೋದು ಎಡಗಡೆ ಕೂತ ನಿಮಗೆ. ಭಯ ಆದರೆ ಹಿಂದೆ ಕೂತುಕೊಳ್ಳಿ. ಸೀಟಿನ ದುಡ್ಡನ್ನು ಹೊರಡುವ ಮುಂಚೆ ಮಾತಾಡಿ, ನೋಟಿನಲ್ಲೇ ಕೊಡಿ.

ಎಲ್ಲಾ ಕಡೆಗೂ ಹೀಗೆ ಹೋಗೋಕಾಗಲ್ಲ. ಗೋಬಿಯ ಖೋಂಗೊರ್ ಮರಳು ದಿಬ್ಬಗಳಿಗೆ ದಲನ್‌ಝದ್‌ಗದ್‌ನಿಂದ ಬಸ್ಸಿಲ್ಲ. ಅಲ್ಲಿಗೆ ಗೆಸ್ಟ್‌ಹೌಸಿನಲ್ಲಿ ಸಿಕ್ಕವರ ಜೊತೆ ಸೇರಿ ಜೀಪು ಮಾಡಿದೆ, ಅದರಲ್ಲಿ ಹಟ ಬೇಡ. ಜುಲೈ ನಡುವೆ ನಾದಮ್ ಹಬ್ಬ, ಸೆಪ್ಟೆಂಬರ್ 1ಕ್ಕೆ ಮಕ್ಕಳ ಶಾಲೆ ಶುರು ಅಂತ ಆಗಸ್ಟ್ ಕೊನೆಗೆ ಗಡಿಬಿಡಿ. ಆ ಹೊತ್ತಲ್ಲಿ ಟಿಕೆಟ್ ಮುಂಚೆಯೇ ತೆಗೆಸಿ. ಸೆಪ್ಟೆಂಬರ್ ನನಗೆ ಸರಿಹೋಯಿತು. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಮಾಮೂಲಿ. ಆಗ ಯಾರೂ ಇಲ್ಲದ ದಾರಿಯಲ್ಲಿ ಫರ್ಗಾನ್ ಕೆಟ್ಟು ನಿಂತರೆ ಅಂತ ಯೋಚಿಸಿದರೆ, ನಾನಂತೂ ಹೋಗಲ್ಲ.