ದೊಡ್ಡಮ್ಮನ ಖಾತೆಗೆ ದುಡ್ಡು ಬಂತು, ಪಿಂಚಣಿ ಕಚೇರಿಗೆ ನಾವೇ ತಿಳಿಸಿದೆವು

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆ ಕಡೆ. ನಮ್ಮ ದೊಡ್ಡಮ್ಮನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿತ್ತು, ತಿಂಗಳಿಗೆ 1,200 ರೂಪಾಯಿ. ಅವರ ತವರಿನ ತೆಂಗಿನ ತೋಟ ಭಾಗವಾದಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ತಮ್ಮಂದಿರು ಅವರ ಪಾಲಿನ ಬಾಬ್ತು ಎರಡು ಲಕ್ಷ ರೂಪಾಯಿಯನ್ನು ಅದೇ ಪಿಂಚಣಿ ಖಾತೆಗೆ ಹಾಕಿದರು. ಇಂಥ ಸಂದರ್ಭ ಎಷ್ಟೋ ಮನೆಗಳಲ್ಲಿ ಬರುತ್ತದೆ. ಅದಕ್ಕೇ ನಾವು ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ.

ಈ ಯೋಜನೆ ಶುರುವಾಗಿದ್ದು 2007ರಲ್ಲಿ. ವಯಸ್ಸು 65 ಆಗಿರಬೇಕು, ಆದಾಯ ಕಡಿಮೆ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ಇಬ್ಬರ ಠೇವಣಿ ಸೇರಿ 10,000 ರೂಪಾಯಿ ಮೀರಬಾರದು ಅನ್ನುವ ಷರತ್ತು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ದುಡಿಯುವ ಮಕ್ಕಳ ಆದಾಯ ಇದರಲ್ಲಿ ಲೆಕ್ಕಕ್ಕಿಲ್ಲ. ಆದಾಯ ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆಯಲ್ಲ ಅಂತ ಕೆಲವರು ಸುಮ್ಮನಿರುತ್ತಾರೆ. ಅದು ಹೇಳುವುದು ಆದಾಯದ ವಿಷಯ. ಠೇವಣಿಯ ಲೆಕ್ಕವೇ ಬೇರೆ.

ಈ 10,000ದ ಮಿತಿ ತೀರಾ ಕಮ್ಮಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಐದು ತಿಂಗಳು ಮುಟ್ಟದೆ ಬಿಟ್ಟರೆ ಅಷ್ಟಾಗಿಬಿಡುತ್ತದೆ. ಆಸ್ಪತ್ರೆ ಖರ್ಚಿಗೆ ಅಂತ ನಾಲ್ಕು ಕಾಸು ಉಳಿಸುವ ವಯಸ್ಸಾದವರನ್ನು ಉಳ್ಳವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಸರ್ಕಾರ ಇದನ್ನು ಏರಿಸಬೇಕು. ಆದರೂ ಷರತ್ತು ಇರುವವರೆಗೆ ತಿಳಿಸಲೇಬೇಕು. ಮುಚ್ಚಿಟ್ಟು, ಮುಂದೊಂದು ದಿನ ಕೊಟ್ಟ ದುಡ್ಡು ವಾಪಸ್ ಕಟ್ಟಿ ಅಂದರೆ ಈ ವಯಸ್ಸಿನಲ್ಲಿ ಅವರು ಎಲ್ಲಿಂದ ತರಬೇಕು?

ಊರಲ್ಲಿ ಬಂದ ಸಲಹೆ ಒಂದೇ. "ಮಗನ ಹೆಸರಿಗೆ ಹಾಕ್ಬಿಡಿ, ಯಾರಿಗೂ ಗೊತ್ತಾಗಲ್ಲ." ನನಗೆ ಇದು ಸುತರಾಂ ಹಿಡಿಸಲಿಲ್ಲ. ದೊಡ್ಡಮ್ಮನ ಕೈಗೆ ಅವರದೇ ಅಂತ ಬಂದಿದ್ದು ಇದೊಂದೇ ದುಡ್ಡು. ಮಗನ ಖಾತೆಗೆ ಹೋದ ಮೇಲೆ ಒಂದು ಮಾತ್ರೆ ತರಿಸಲೂ ಅವರು ಕೇಳಿ ಪಡೆಯಬೇಕು. ಅವರೇ ತೀರ್ಮಾನ ಮಾಡಿದರು: "ನನ್ನ ಹೆಸರಲ್ಲೇ ಇರ್ಲಿ ಮಗಾ. ಪಿಂಚಣಿ ಹೋದ್ರೆ ಹೋಗ್ಲಿ."

ಬಿಳಿ ಹಾಳೆಯಲ್ಲಿ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದೆ. ಪಿಂಚಣಿ ಮಂಜೂರಾತಿ ಆದೇಶದ ಸಂಖ್ಯೆಯನ್ನು ಮೇಲೆಯೇ ಹಾಕಿದೆ, ಇಲ್ಲದಿದ್ದರೆ ಅವರಿಗೆ ಕಡತ ಹುಡುಕುವುದು ಕಷ್ಟ. ಒಳಗೆ ಬರೆದಿದ್ದು ಇಷ್ಟು: "ಇಂಥ ದಿನ ತವರಿನ ಆಸ್ತಿಯ ಪಾಲಿನ ಬಾಬ್ತು ಇಷ್ಟು ಹಣ ನನ್ನ ಖಾತೆಗೆ ಜಮಾ ಆಗಿದೆ. ಇದು ಒಂದೇ ಸಲ ಬಂದ ಹಣ, ಪ್ರತಿ ವರ್ಷದ ಆದಾಯವಲ್ಲ. ದಯವಿಟ್ಟು ಪರಿಶೀಲಿಸಿ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕು." ಆ "ಒಂದೇ ಸಲ ಬಂದ ಹಣ" ಅನ್ನುವ ಮಾತನ್ನು ಬಿಡಬೇಡಿ. ಇಲ್ಲದಿದ್ದರೆ ಅದನ್ನು ವಾರ್ಷಿಕ ಆದಾಯ ಅಂತ ಬರೆದುಕೊಂಡು, ಮುಂದೆ ರೇಷನ್ ಕಾರ್ಡಿಗೂ ತೊಡಕಾದೀತು.

ಜೊತೆಗೆ ಬಿಡುಗಡೆ ಪತ್ರ, ಆಧಾರ್ ಮತ್ತು ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟೆ. ಪಾಸ್‌ಬುಕ್ಕಿನ ಜೆರಾಕ್ಸಿನಲ್ಲಿ ಪ್ರತಿ ಜಮಾದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ: ಇದು ಪಿಂಚಣಿ, ಇದು ಗೃಹಲಕ್ಷ್ಮಿ, ಇದು ಪಾಲಿನ ದುಡ್ಡು, ಇದು ಬ್ಯಾಂಕಿನ ಬಡ್ಡಿ. ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಂಡೆ. ಬಾಯಿಮಾತಿನಲ್ಲಿ ಹೇಳಿ ಬಂದರೆ ನಾಳೆ ಸಾಕ್ಷಿ ಇರುವುದಿಲ್ಲ, ಅಲ್ವಾ?

ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದರು. ಪೆನ್ಸಿಲಿನ ಗುರುತು ನೋಡಿಕೊಂಡೇ ವರದಿ ಬರೆದುಕೊಂಡರು, ಜಾಸ್ತಿ ಪ್ರಶ್ನೆ ಕೇಳಲಿಲ್ಲ. ಪಿಂಚಣಿ ನಿಂತಿತು. ಹಿಂದೆ ಬಂದಿದ್ದನ್ನು ಯಾರೂ ವಾಪಸ್ ಕೇಳಲಿಲ್ಲ.

ಈಗ ಆ ದುಡ್ಡಲ್ಲಿ ಸೋರುತ್ತಿದ್ದ ಮನೆಗೆ ಶೀಟು ಹಾಕಿಸಿದ್ದಾರೆ, ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ. ಶೀಟಿನ ಬಿಲ್ಲು, ಆಸ್ಪತ್ರೆ ರಸೀದಿ ಎಲ್ಲವನ್ನೂ ಸೀಲು ಹಾಕಿದ ಅರ್ಜಿಯ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ಕಣ್ಣಿನ ಖರ್ಚೂ ಬಾಕಿ ಇದೆ. ಉಳಿಕೆ ಮಿತಿಯೊಳಗೆ ಇಳಿದ ಮೇಲೆ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ, ಈ ಫೈಲು ಹಿಡಿದು ನಾಡಕಚೇರಿಯಲ್ಲಿ ಪಿಂಚಣಿಗೆ ಮತ್ತೆ ಅರ್ಜಿ ಹಾಕುತ್ತೇವೆ.