ವಾಷಿಂಗ್ ಮೆಷಿನ್‌ಗೆ ನೀರು ಸಣ್ಣಗೆ ಬರ್ತಿದ್ಯಾ?

ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ನೀರು ಒಳಹೋಗುವ ಕಡೆಯ ಜಾಲರಿ ನೋಡಿ. ಬೋರ್‌ವೆಲ್, ಟ್ಯಾಂಕರ್ ನೀರಿನ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ಮೊದಲು ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ. ಮೆಷಿನ್ ಹಿಂದೆ ಪೈಪ್ ಬಿಚ್ಚಿದರೆ ಒಳಗೆ ಪುಟ್ಟ ಜಾಲರಿ ಕಾಣುತ್ತದೆ. ಇಕ್ಕಳದಿಂದ ಮೆಲ್ಲಗೆ ಎಳೆಯಿರಿ. ಸಣ್ಣ ಮರಳು, ಬೆಳ್ಳಗಿನ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ. ಅರ್ಧ ಗಂಟೆ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ.

ನೀರು ಜೋರಾಗಿ ಬರಲಿ ಅಂತ ಕೆಲವರು ಜಾಲರಿಯನ್ನೇ ತೆಗೆದುಬಿಡುತ್ತಾರೆ. ದಯವಿಟ್ಟು ಬೇಡ. ಮರಳು ಒಳಗಿನ ವಾಲ್ವ್‌ಗೆ ಸಿಕ್ಕಿಕೊಂಡರೆ ಮೆಷಿನ್ ಆಫ್ ಇದ್ದರೂ ನೀರು ತುಂಬುತ್ತಲೇ ಇರುತ್ತದೆ. ಆಮೇಲೆ ವಾಲ್ವನ್ನೇ ಬದಲಿಸಬೇಕಾಗಬಹುದು. ಪೈಪ್ ವಾಪಸ್ ಹಾಕುವಾಗ ರಬ್ಬರ್ ವಾಷರ್ ನೆಟ್ಟಗೆ ಕೂತಿದೆಯಾ ನೋಡಿ. ಪ್ಲಾಸ್ಟಿಕ್ ತಿರುಪಾದರೆ ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಸೀಳಿಹೋಗುತ್ತದೆ.